ಡಿಶ್‌ಗೆ ಅಡ್ಡ ಬಂದ ಮರ

"ಯಾವನ್ಲಾ ಅವ್ನು, ನನ್ನ ಮರಕ್ಕೆ ಗುರುತು ಹಾಕಿದವ್ನು? ಕೈ ಮುರ್ದಾಕ್ತೀನಿ!"

ಹೊಂಬಾಳಮ್ಮನ ಕೂಗಿಗೆ ಹಿತ್ತಲಲ್ಲಿದ್ದ ಕೋಳಿಗಳೆಲ್ಲ ಸೌದೆ ರಾಶಿ ಹತ್ತಿ ಕುಳಿತವು. ತೆಂಗಿನಮರದ ಬುಡದಿಂದ ಮೊಳದೆತ್ತರದಲ್ಲಿ ಸುಣ್ಣದ ಗೆರೆಯೊಂದು ಬೆಳ್ಳಗೆ ಸುತ್ತಿಕೊಂಡಿತ್ತು. ಗೆರೆ ಎಳೆದ ಬೆರಳು ಇನ್ನೂ ಒಣಗಿರಲಿಲ್ಲ, ಅದನ್ನು ಪಂಚೆಗೆ ಒರೆಸಿಕೊಳ್ಳುತ್ತಾ ಅವಳ ಹಿರಿಯ ಮಗ ಹೊನ್ನಯ್ಯ ಬಚ್ಚಲ ಮನೆ ಕಡೆಯಿಂದ ಬಂದ.

"ನಾನೇ ಕಣವ್ವ ಹಾಕಿದ್ದು. ಏನಿವಾಗ?"

"ಏನಿವಾಗಾ? ಇದು ನನ್ನ ಎಲೆಅಡಿಕೆ ಮರ. ನಾಕು ಜನ ಜಗಲಿ ಮೇಲೆ ಕೂತು ಬರ್ದಿರೋದು."

"ಎಲೆಅಡಿಕೆ ತಾನೇ? ನಾನು ತಂದಾಕ್ತೀನಿ. ಕಟ್ಟುಗಟ್ಲೆ ತಂದಾಕ್ತೀನಿ. ಬೆಳಗಿಂದ ಬೈಗಿನ ಗಂಟ ಕುಟ್ಕೊಂಡು ಕೂತ್ಕೋ."

"ನೀನ್ ತಂದಾಕಿದ್ದನ್ನ ತಿನ್ನಂಗಿದ್ರೆ ನಂಗ್ಯಾಕ್ಲಾ ಮರ ಬಿಡ್ತಿದ್ರು? ನಿನ್ನ ಮುಂದೆ ಕೈ ಒಡ್ಡೋ ಕಾಲ ಬಂದ್ರೆ ಅವತ್ತೇ ಹಲ್ಲು ಕಿತ್ತಾಕ್ಕೋತೀನಿ."

"ಇರೋದೇ ಆರು ಹಲ್ಲು!"

"ಆರಾದ್ರೂ ನನ್ನವೇ ಕಣೋ!"

ಅಷ್ಟರಲ್ಲಿ ಹೊನ್ನಯ್ಯನ ಹೆಂಡತಿ ವನಜಮ್ಮ ಅಡಿಗೆಮನೆ ಬಾಗಿಲಿಗೆ ಬಂದು ಹಿಟ್ಟಿನ ಕೈಯಲ್ಲೇ ಹಣೆ ಒರೆಸಿಕೊಂಡಳು. "ಮುದ್ದೆ ಆರಿ ಹೋಯ್ತದೆ. ಉಂಡ್ಬುಟ್ಟು ಆಡಿ ಜಗಳವ. ಯಾರೂ ಎತ್ಕೊಂಡು ಹೋಗಲ್ಲ."

ಹೊನ್ನಯ್ಯನದು ನಿಟ್ಟೂರಿನಲ್ಲಿ ಹಿಟ್ಟಿನ ಮಿಷನ್ನು. ಇಪ್ಪತ್ತು ವರ್ಷ ಆ ಸದ್ದಿನ ಮೇಲೆ ಗಂಟಲೆತ್ತಿ ಮಾತಾಡಿದವನು. ಮನೆಯಲ್ಲಿ ಉಪ್ಪು ಕೇಳಿದರೂ ಬೀದಿಯವರು ಹೊಡೆದಾಟ ಅಂದುಕೊಳ್ಳುತ್ತಿದ್ದರು. ಹಾಗಾಗಿ ಈವತ್ತು ನಿಜವಾಗಿ ಜಗಳ ಆಡಿದರೂ ಒಬ್ಬರೂ ಇಣುಕಿ ನೋಡಲಿಲ್ಲ. ಉಪ್ಪು ಸಾಲದೇನೋ ಅಂದುಕೊಂಡು ಸುಮ್ಮನಾದರು.

ಹೊಂಬಾಳಮ್ಮ ಹೇಳಿದ್ದು ಸುಳ್ಳಲ್ಲ. ಅಪ್ಪ ಸತ್ತ ಮಾರನೇ ವರ್ಷ ಅಣ್ಣತಮ್ಮಂದಿರು ಪಾಲಾದಾಗ ಪಾಲುಪಟ್ಟಿಯಲ್ಲಿ ಬರೆಸಿದ್ದರು: ಹಿತ್ತಲ ಗೋಡೆ ಬದಿಯ ತೆಂಗಿನಮರ ತಾಯಿಯ ಎಲೆಅಡಿಕೆ ಖರ್ಚಿಗೆ, ಆ ಮರ ಯಾರ ಪಾಲಿನ ನೆಲದಲ್ಲಿ ಇದೆಯೋ ಅವರ ಮನೆಯಲ್ಲೇ ತಾಯಿಯ ಊಟ, ವಾಸ. ಮರ ಹೊನ್ನಯ್ಯನ ಕಡೆ ಬಂತು, ತಾಯಿಯೂ ಬಂದಳು. ತಮ್ಮ ಚಿಕ್ಕಮಾರಯ್ಯ ಗೋಡೆಯ ಆಚೆಗೆ ಹೋದ. ಆವತ್ತಿನಿಂದ ಆ ಮರದ ಒಂದೊಂದು ಕಾಯಿಗೂ ಹೊಂಬಾಳಮ್ಮನೇ ಯಜಮಾನಿ. ಚಟ್ನಿಗೆ ಕಾಯಿ ಬೇಕಾದರೆ ವನಜಮ್ಮ ಕೇಳಿ ತೆಗೆದುಕೊಳ್ಳಬೇಕು. ಬೀದಿಯಲ್ಲಿ ಯಾರಿಗೆ ಜ್ವರ ಬಂದರೂ ಎಳನೀರು ಆ ಮರದ್ದೇ. ಮಗನ ಎದುರು ಕೈಯೊಡ್ಡದೆ ಎಪ್ಪತ್ತೆರಡು ಮುಟ್ಟಿದೆ ಅನ್ನುವುದೇ ಅವಳ ಬಿಗುಮಾನ. ಆ ಬಿಗುಮಾನವೆಲ್ಲ ನಿಂತಿದ್ದು ಆ ಒಂದು ಬುಡದ ಮೇಲೆ.

ಮರಕ್ಕೆ ಸುಣ್ಣದ ಗೆರೆ ಬೀಳಲು ಕಾರಣ ಚಿಕ್ಕಮಾರಯ್ಯನ ಟಿ.ವಿ.

ಎಂಬತ್ತೆಂಟನೇ ಇಸವಿಯಲ್ಲಿ ಅವರ ಬೀದಿಗೆ ಇದ್ದದ್ದು ಅದೊಂದೇ. ಗೋಡೆಯಾಚೆ ಮುಗಿಲೆತ್ತರಕ್ಕೆ ಪೈಪು ನಿಲ್ಲಿಸಿ, ಆಂಟೆನಾ ಮೂತಿಯನ್ನು ಬೆಂಗಳೂರಿನ ಕಡೆ ತಿರುಗಿಸಿ ಕಟ್ಟಿದ್ದ. ಗಾಳಿ ಬಂದರೆ ಹೊಂಬಾಳಮ್ಮನ ಮರದ ಗರಿ ಹೋಗಿ ಆ ಆಂಟೆನಾಕ್ಕೆ ಬಡಿಯುತ್ತಿತ್ತು, ಅದು ಗಿರಕ್ಕನೆ ಅರಸೀಕೆರೆ ಕಡೆ ತಿರುಗಿ ನಿಲ್ಲುತ್ತಿತ್ತು. ಆಗ ಚಿಕ್ಕಮಾರಯ್ಯನ ಹೆಂಡತಿ ಪುಟ್ಟಗಂಗಮ್ಮ ಸೆರಗು ಸಿಕ್ಕಿಸಿಕೊಂಡು ಪೈಪು ಹಿಡಿದು ತಿರುಗಿಸಬೇಕು.

"ಬಂತಾ?"

"ಬಂತು, ಬಂತು... ಹೋಯ್ತು!"

"ಈಗ?"

"ಬರೀ ಇರುವೆ!"

ಇರುವೆ ಮುತ್ತಿದ ಪರದೆಯಲ್ಲಿ ಯಾರು ನಾಯಕ, ಯಾರು ಖಳನಾಯಕ ಎಂದು ಗೊತ್ತಾಗದಿದ್ದರೂ ವಾರದ ಕನ್ನಡ ಸಿನಿಮಾ ದಿನ ಇಡೀ ಬೀದಿ ಅಲ್ಲಿರುತ್ತಿತ್ತು. ಹೊನ್ನಯ್ಯನ ಮಿಷನ್ನಿಗೆ ಬಂದವರು ರಾಗಿ ಪುಟ್ಟಿ ಇಟ್ಟು, "ಬೀಸಿಡಿ ಅಣ್ಣ, ಸಿನಿಮಾ ಮುಗ್ಸ್ಕಂಡು ಬರ್ತೀವಿ" ಎಂದು ತಮ್ಮನ ಮನೆಗೆ ನಡೆಯುವುದನ್ನು ಅವನು ಎರಡು ವರ್ಷ ನೋಡಿದ. ಮೂರನೇ ವರ್ಷ ಅವನ ತೋಟದ ಕೊಬ್ಬರಿಗೆ ಒಳ್ಳೆ ರೇಟು ಬಂತು. ಹೊನ್ನಯ್ಯ ರೈಲು ಹತ್ತಿ ತುಮಕೂರಿಗೆ ಹೋಗಿ, ಅಲ್ಲಿ ರೇಡಿಯೋ ರಿಪೇರಿ ಅಂಗಡಿ ಇಟ್ಟಿದ್ದ ಅಡವಿಯಪ್ಪನ ಮುಂದೆ ನಿಂತು, "ನನ್ನ ತಮ್ಮನ ಮನೆಲಿರೋದಕ್ಕಿಂತ ದೊಡ್ಡದು ಏನಿದೆ?" ಎಂದು ಕೇಳಿದ.

"ಡಿಶ್ ಇದೆ," ಅಂದ ಅಡವಿಯಪ್ಪ. "ಕಬ್ಬಿಣದ ಸರಳು, ಕೋಳಿಗೂಡಿನ ಜಾಲರಿ. ನಾನೇ ಮಾಡಿಕೊಡ್ತೀನಿ. ಹನ್ನೆರಡು ಅಡಿ ಅಗಲ."

"ಇರುವೆ?"

"ಒಂದೂ ಬರಲ್ಲ."

ಅಡವಿಯಪ್ಪ ಒಂದು ಮಧ್ಯಾಹ್ನ ಬಂದು ಮನೆ ನೋಡಿದ. ಬೀದಿಯಲ್ಲಿ ಮೋಲ್ಡ್ ಹಾಕಿದ ಮನೆ ಹೊನ್ನಯ್ಯನದೊಂದೇ. ಮಾಳಿಗೆಯ ಮೇಲೆ ಕಾಲು ಕುಟ್ಟಿ ನೋಡಿದ, ಮೊಳ ಹಾಕಿ ಅಳೆದ, ವನಜಮ್ಮ ಕೊಟ್ಟ ಮಜ್ಜಿಗೆ ಕುಡಿದ. "ಮಾಳಿಗೆ ಪೂರ್ತಿ ಖಾಲಿ ಮಾಡಿ ಯಜಮಾನ್ರೇ. ಮಧ್ಯಕ್ಕೆ ಒಂದು ಕಟ್ಟೆ, ನಾಕು ಬೋಲ್ಟು. ಡಿಶ್ ಮುಂದೆ ಅಡ್ಡ ಮಾತ್ರ ಏನೂ ಇರಬಾರ್ದು. ಇನ್ನೊಂದು ಹೇಳ್ಬೇಕು..." ಅನ್ನುವಷ್ಟರಲ್ಲಿ ಸ್ಟೇಷನ್ ಕಡೆ ರೈಲು ಕೂಗಿತು. ಅಡವಿಯಪ್ಪ ಚಪ್ಪಲಿ ಕೈಯಲ್ಲಿ ಹಿಡಿದು ಓಡಿದ.

ಹೊನ್ನಯ್ಯ ಮಾಳಿಗೆಯ ನಡುವೆ ನಿಂತು, ಸೊಂಟಕ್ಕೆ ಕೈ ಕೊಟ್ಟು ಬೆಂಗಳೂರಿನ ಕಡೆ ನೋಡಿದ. ಬೆಂಗಳೂರು ಕಾಣಲಿಲ್ಲ. ಅವ್ವನ ಮರ ಕಂಡಿತು.

ಇದನ್ನು ಮೊದಲು ತಡೆದವನು ಅವನ ಮಗ ಚೌಡಪ್ಪ. ತುಮಕೂರಿನಲ್ಲಿ ಕಾಲೇಜು ಓದುತ್ತಿದ್ದ, ದಿನಾ ರೈಲಿನಲ್ಲಿ ಹೋಗಿ ಬರುತ್ತಿದ್ದ.

"ಅಪ್ಪ, ಸ್ಯಾಟಲೈಟ್ ಅಂದ್ರೆ ಮೇಲಿರೋದು. ಆಕಾಶದಲ್ಲಿ."

"ನಂಗೊತ್ತಿಲ್ವೇನ್ಲಾ? ಮೇಲಿಂದ ಎಲ್ಲಿಗೆ ಬತ್ತದೆ? ಬೆಂಗಳೂರಿಗೆ ಬತ್ತದೆ. ಅಲ್ಲಿಂದ ನಮಗೆ ಬತ್ತದೆ. ದೆಲ್ಲಿ ಕಾಗದ ನೆಟ್ಟಗೆ ನಿಟ್ಟೂರಿಗೆ ಬಂದು ಬೀಳ್ತದಾ?"

"ಅಡವಿಯಪ್ಪನ್ನ ಒಂದ್ಸಲ ಕೇಳ್ಕಂಡು ಬರ್ತೀನಿ ತಾಳಿ."

"ಕೇಳದೇನದೆ? ಊರಲ್ಲಿರೋ ಆಂಟೆನಾ ಎಲ್ಲಾ ಆಕಡೆ ತಿರುಗವೆ. ನಂದೊಂದು ಬೇರೆ ಕಡೆ ತಿರುಗ್ತದಾ? ಅಪ್ಪನಿಗೆ ಬುದ್ಧಿ ಹೇಳಕ್ಕೆ ಬಂದವ್ನೆ. ಮೊದ್ಲು ಹಿಂದೀಲಿ ಪಾಸಾಗು ಹೋಗು."

ಹಿಂದಿಯಲ್ಲಿ ಇಪ್ಪತ್ತೆಂಟೇ ಇಪ್ಪತ್ತೆಂಟು ತೆಗೆದಿದ್ದ ಚೌಡಪ್ಪ ಪುಸ್ತಕ ಎತ್ತಿಕೊಂಡು ಒಳಗೆ ಹೋದ.

ಮನೆ ಸಜ್ಜಾಗತೊಡಗಿತು. ಮಾಳಿಗೆ ಖಾಲಿ ಮಾಡು ಎಂದು ಹೊನ್ನಯ್ಯ ಒಂದು ಮಾತು ಹೇಳಿ ಮಿಷನ್ನಿಗೆ ಹೋದ, ಮಾಡಿದವಳು ವನಜಮ್ಮ. ಹುಣಸೆಹಣ್ಣು, ಒಣಮೆಣಸಿನಕಾಯಿ, ಮುರಿದ ತೊಟ್ಟಿಲು, ಎರಡು ಕಾಲಿನ ಮಂಚ, ಗಂಡ ಎಂದೋ ರಿಪೇರಿ ಮಾಡಿಸುತ್ತೇನೆಂದು ತಂದಿಟ್ಟ ಸೈಕಲ್ಲಿನ ಅಸ್ಥಿಪಂಜರ, ಎಲ್ಲವನ್ನೂ ತಲೆ ಮೇಲೆ ಹೊತ್ತು ಇಳಿಸಿದಳು. ಸಂಡಿಗೆ ಇಡುವ ಕಾಲ. ಹಿಟ್ಟು ಬೇಯಿಸಿ ಇಟ್ಟುಕೊಂಡವಳಿಗೆ ಬಿಸಿಲಿರುವ ಜಾಗವೇ ಇಲ್ಲ.

"ಸಂಡಿಗೆ ಎಲ್ಲಿಡ್ಲಿ? ನಿಮ್ಮ ತಲೆ ಮೇಲಾ?"

"ಒಂದು ವರ್ಷ ಸಂಡಿಗೆ ಇಲ್ದೆ ಉಂಡ್ರೆ ಸಾಯ್ತೀವಾ?"

"ಟಿ.ವಿ. ಇಲ್ದೆ ಐವತ್ತು ವರ್ಷ ಬದುಕಿದ್ರಲ್ಲ!"

ಮಾರನೇ ದಿನ ಸ್ನಾನದ ಹಂಡೆ ಒಲೆಯೂ ಜಾಗ ಬಿಟ್ಟಿತು. ಹೊಗೆ ತಾಗಿ ಡಿಶ್ ಕಪ್ಪಾಗುತ್ತದೆಂದು ಹೊನ್ನಯ್ಯ ಅದನ್ನು ಕೊಟ್ಟಿಗೆ ಪಕ್ಕಕ್ಕೆ ಹಾಕಿಸಿದ. ಒಂದು ವಾರ ಮನೆಯವರೆಲ್ಲ ಎಮ್ಮೆಯ ಎದುರು ಸ್ನಾನ ಮಾಡಿದರು. ಕಟ್ಟೆ ಕಟ್ಟಲು ಬಂದ ಗಾರೆಯವರು ತಲಾ ಮೂರು ಮುದ್ದೆ ನುಂಗಿ, ನಾಲ್ಕನೆಯದಕ್ಕೆ ತಟ್ಟೆ ನೋಡುತ್ತಿದ್ದರು.

ಹೊಂಬಾಳಮ್ಮ ಮಾತ್ರ ಇದ್ಯಾವುದಕ್ಕೂ ಬರಲಿಲ್ಲ. ಸುಣ್ಣದ ಗೆರೆ ಬಿದ್ದ ದಿನದಿಂದ ಚಾಪೆ, ಎಲೆಅಡಿಕೆ ಚೀಲ, ಕುಟ್ಟುವ ಕಲ್ಲು ಎಲ್ಲ ತೆಗೆದುಕೊಂಡು ಮರದ ಬುಡದಲ್ಲಿ ಕುಳಿತಳು. ಹಗಲು ಊಟವೂ ಅಲ್ಲೇ.

"ಒಳಗೆ ಬನ್ನಿ ಅತ್ತೆ, ಬಿಸಿಲು."

"ಮರ ಒಳಗೆ ಬಂದ್ರೆ ನಾನೂ ಬರ್ತೀನಿ ಕಣಮ್ಮಿ."

ಕಾಯಿ ಕೀಳುವ ಯಲ್ಲಯ್ಯ ಕೊಡಲಿ ಹಿಡಿದು ಎರಡು ಸಲ ಬಂದ. ಒಂದು ಸಲ ಅವಳು ಅವನಿಗೆ ಎಲೆಅಡಿಕೆ ಕೊಟ್ಟು ಕಳಿಸಿದಳು, ಇನ್ನೊಂದು ಸಲ ಕುಟ್ಟುವ ಕಲ್ಲು ತೋರಿಸಿ ಕಳಿಸಿದಳು. ಗೋಡೆಯಾಚೆಯಿಂದ ಚಿಕ್ಕಮಾರಯ್ಯ ಕತ್ತು ನೀಡಿ, "ಅಣ್ಣ, ಪಾಲುಪಟ್ಟಿ ನನ್ನತ್ರಾನೂ ಒಂದು ಅದೆ. ಓದ್ಲಾ?" ಅಂದ.

"ನಿನ್ನ ಇರುವೆ ನೋಡ್ಕೋ ಹೋಗ್ಲಾ!"

ಆರನೇ ದಿನ ಹೊನ್ನಯ್ಯ ಮೆತ್ತಗಾದ. ಅವನು ಮೆತ್ತಗಾದದ್ದು ಕಂಡು ವನಜಮ್ಮನಿಗೆ ಹೆದರಿಕೆಯಾಯಿತು. ಗುಬ್ಬಿ ಸಂತೆಯಿಂದ ಅವ್ವನಿಗೊಂದು ಸೀರೆ ತಂದ. ಹೊಂಬಾಳಮ್ಮನ ಮಗಳು ಲಕ್ಷ್ಮೀದೇವಮ್ಮನನ್ನು ಅಮೃತೂರಿಗೆ ಕೊಟ್ಟಿತ್ತು, ಅವಳ ಮೊಮ್ಮಗುವಿಗೆ ಕಿವಿ ಚುಚ್ಚಿಸುವುದಿತ್ತು.

"ಹೋಗಿ ನಾಕು ದಿನ ಇದ್ದು ಬಾರವ್ವ. ನೀನಿಲ್ದೆ ಹೋದ್ರೆ ಅವ್ಳು ಬೇಜಾರು ಮಾಡ್ಕತಾಳೆ."

"ಮರ?"

"ಮರಕ್ಕೇನಾಯ್ತದೆ? ನೀನು ಬಂದ ಮೇಲೆ ಕೂತು ಮಾತಾಡನ."

ಗುಬ್ಬಿಯವರೆಗೂ ತಾನೇ ಬಂದು, ಕುಣಿಗಲ್ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂರಿಸಿ, ಬಾಳೆಹಣ್ಣು ಕೊಟ್ಟು, ಅಲ್ಲಿಂದ ಅಮೃತೂರು ಬಸ್ಸು ಹತ್ತಿಸು ಎಂದು ಕಂಡಕ್ಟರಿಗೆ ಹೇಳಿದ. ಬಸ್ಸು ಹೊರಟಾಗ ಹೊಂಬಾಳಮ್ಮ ಕಿಟಕಿಯಿಂದ ಕೈ ಚಾಚಿ ಮಗನ ತಲೆಯ ಮೇಲಿದ್ದ ಹಿಟ್ಟು ಕೊಡವಿದಳು. ಹೊನ್ನಯ್ಯ ಬಸ್ಸು ತಿರುವು ದಾಟುವವರೆಗೂ ಅಲ್ಲೇ ನಿಂತು ನೋಡಿದ. ಆದರೆ ಅವನು ನಿಟ್ಟೂರಿಗೆ ಬಂದವನು ನೆಟ್ಟಗೆ ಹೋದದ್ದು ಯಲ್ಲಯ್ಯನ ಮನೆಗೇ.

ಯಲ್ಲಯ್ಯ ಮರವನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು, "ನಂದೇನಿಲ್ಲ ತಾಯಿ, ಯಜಮಾನ್ರು ಹೇಳವ್ರೆ" ಎಂದು ಗಟ್ಟಿಯಾಗಿ ಹೇಳಿ ಹತ್ತಿದ. ಮೊದಲು ಕಾಯಿ ಕಿತ್ತ, ಗರಿ ಕಡಿದ, ಸುಳಿ ಇಳಿಸಿದ. ಆಮೇಲೆ ಬುಡಕ್ಕೆ ಕೊಡಲಿ ಹಾಕಿದ. ಮರ ಬಿದ್ದ ಸದ್ದಿಗೆ ಹೊಸ ಕಟ್ಟೆಯಲ್ಲಿ ಬಿರುಕು ಬಿಟ್ಟಿತು. ತೆಂಗಿನ ಸುಳಿಯನ್ನು ಬೀದಿಯವರೆಲ್ಲ ಹಂಚಿಕೊಂಡು ತಿಂದರು. ಚೌಡಪ್ಪ ಮೂರು ಹೋಳು ತಿಂದು ಬಹಳ ಸಿಹಿಯಾಗಿದೆ ಅಂದ. ವನಜಮ್ಮ ಒಂದು ಚೂರು ಬಾಯಿಗೆ ಹಾಕಿಕೊಂಡು, ಹಿತ್ತಲಿಗೆ ಹೋಗಿ ಉಗಿದು ಬಂದಳು. ಕಾಂಡವನ್ನು ನಾಲ್ಕು ತುಂಡು ಮಾಡಿಸಿ ಹೊನ್ನಯ್ಯ ಜಗಲಿಯ ಮುಂದೆ ಸಾಲಾಗಿ ಉರುಳಿಸಿದ. ಟಿ.ವಿ. ನೋಡಲು ಬಂದವರು ಕೂರಬೇಕಲ್ಲ.

ಐದನೇ ದಿನ ಹೊಂಬಾಳಮ್ಮ ಬಂದಳು. ಹೊಸ ಸೀರೆ ಉಟ್ಟಿದ್ದಳು. ಕೈಯಲ್ಲಿ ಗೋಣಿಚೀಲ, ಚೀಲದ ಬಾಯಿಂದ ಮೊಳಕೆಯೊಡೆದ ತೆಂಗಿನಕಾಯಿಯ ಎರಡು ಹಸಿರು ಗರಿ ಇಣುಕುತ್ತಿದ್ದವು. ಜಗಲಿ ಮುಂದಿನ ದಿಮ್ಮಿಗಳನ್ನು ನೋಡಿದಳು. ಮನೆಯೊಳಗಿಂದ ಹಾದು ಹಿತ್ತಲಿಗೆ ಹೋದಳು. ಸುಣ್ಣದ ಗೆರೆ ಅಲ್ಲೇ ಇತ್ತು, ಅದರ ಮೇಲೆ ಏನೂ ಇರಲಿಲ್ಲ.

ಹೊನ್ನಯ್ಯ ಬೈಗುಳಕ್ಕೆ ತಯಾರಾಗಿ ನಿಂತಿದ್ದ. ಉತ್ತರಗಳನ್ನೆಲ್ಲ ಎರಡು ದಿನದಿಂದ ಜೋಡಿಸಿ ಇಟ್ಟುಕೊಂಡಿದ್ದ. ಅವಳು ಬೈಯಲಿಲ್ಲ.

"ಇದನ್ನ ಆ ಮೂಲೆಗೆ ನೆಡನ, ಇದು ಫಲ ಬಿಟ್ಟ ಮೇಲೆ ಅದನ್ನ ಕಡ್ಕಳ್ಳಿ ಅನ್ನನ ಅಂತ ತಂದೆ ಕಣೋ," ಅಂದಳು. "ಬಸ್ಸಿನಾಗೆ ಮೂರು ಜನ ಕಾಲಾಗೆ ತುಳ್ದ್ರು. ತೊಡೆ ಮೇಲೆ ಇಟ್ಕೊಂಡು ಬಂದೆ."

ಹೊನ್ನಯ್ಯ ಅವಳ ಕೈಯಿಂದ ಗೋಣಿಚೀಲ ಇಳಿಸಿಕೊಂಡ. "ಉಣ್ಣವ್ವ ಬಾ. ಅವರೇಕಾಳು ಸಾರು ಮಾಡವ್ಳೆ," ಅಂದ, ಅಷ್ಟು ಮೆಲ್ಲಗೆ ಅಂದ ಎಂದರೆ ವನಜಮ್ಮ ಒಲೆ ಬಿಟ್ಟು ಎದ್ದು ಬಂದಳು.

"ಉಣ್ತೀನಿ. ಯಾವುದಕ್ಕೆ ನನ್ನ ಮರ ಹೋಯ್ತೋ ಅದನ್ನ ನೋಡಗಂಟ ಇಲ್ಲೇ ಉಣ್ತೀನಿ."

ಡಿಶ್ ಬಂದದ್ದು ಮುಂದಿನ ವಾರ, ಎರಡು ಹೋಳಾಗಿ, ಹೊಸ ಟಿ.ವಿ.ಯ ಜೊತೆ ಲಾರಿಯ ಮೇಲೆ. ಅಡವಿಯಪ್ಪ ಹೆಗಲಿಗೆ ದಪ್ಪ ಹಗ್ಗ ಹಾಕಿಕೊಂಡು, ಕೈಯಲ್ಲಿ ರಾಟೆ ಹಿಡಿದುಕೊಂಡು ಹಿತ್ತಲಿಗೆ ಹೋದವನು ಬರೀ ಆಕಾಶ ನೋಡುತ್ತಾ ನಿಂತ.

"ಯಜಮಾನ್ರೇ, ಇಲ್ಲಿ ಒಂದು ತೆಂಗಿನಮರ ಇತ್ತಲ್ಲ?"

"ಇತ್ತು. ನೀನು ಹೇಳ್ದಂಗೆ ಕಡ್ಸಿದೀನಿ."

"ನಾನಾ? ಅದಕ್ಕೆ ರಾಟೆ ಕಟ್ಟಿ ಡಿಶ್ ಮೇಲಕ್ಕೆ ಎಳೆಯೋಣ ಅಂತ ಹಗ್ಗ ತಂದಿದೀನಲ್ರೀ! ಆವತ್ತು ಅದನ್ನ ಹೇಳೋಣ ಅಂದ್ರೆ ರೈಲು ಬಂತು."

"ಅಡ್ಡ ಇರಬಾರ್ದು ಅಂದ್ಯಲ್ಲಪ್ಪ."

"ಯಾವುದಕ್ಕೆ ಅಡ್ಡ?"

"ಬೆಂಗಳೂರಿಗೆ!"

"ಬೆಂಗಳೂರಿಗೂ ಇದಕ್ಕೂ ಏನ್ರೀ ಸಂಬಂಧ? ಇದು ಮೇಲೆ ನೋಡೋದು."

ಹೊಂಬಾಳಮ್ಮ ಅಡಿಕೆ ಕುಟ್ಟುತ್ತಿದ್ದಳು. ಇನ್ನೊಂದು ಅಡಿಕೆ ಕಲ್ಲಿಗೆ ಹಾಕಿ ಜೋರಾಗಿ ಕುಟ್ಟಿದಳು. ಚೌಡಪ್ಪ ಅಪ್ಪನ ಮುಖ ನೋಡದೆ ಕಾಲೇಜಿಗೆ ಹೊತ್ತಾಯಿತೆಂದು ಹೊರಟ. ಆವತ್ತು ಭಾನುವಾರ.

ಹನ್ನೆರಡು ಜನ ಬಿದಿರು, ಹಗ್ಗ ಹಿಡಿದು ಮಧ್ಯಾಹ್ನದವರೆಗೆ ಹೆಣಗಿ ಡಿಶ್ಶನ್ನು ಮೇಲೆ ಹತ್ತಿಸಿದರು. ಅಂಚು ಒಂದು ಕಡೆ ಗೋಡೆಗೆ ತಾಗಿ ಸೊಟ್ಟಗಾಯಿತು. ಅಡವಿಯಪ್ಪ ಅದನ್ನು ಕಟ್ಟೆಯ ಮೇಲೆ ಕೂರಿಸಿ, ಮುಖವನ್ನು ನೆತ್ತಿಯ ಕಡೆ ಎತ್ತಿ, ತೆಂಕಣಕ್ಕೆ ಒಂದು ಚೂರು ವಾಲಿಸಿದ. ಊಟಕ್ಕೆ ಕೂತವನ ಮುಂದಿನ ತಟ್ಟೆಯ ಹಾಗೆ ಅದು ಆಕಾಶಕ್ಕೆ ಬಾಯಿ ಬಿಟ್ಟುಕೊಂಡು ನಿಂತಿತು. ಟಿ.ವಿ. ಹಾಕಿದಾಗ ಚಿತ್ರ ಕನ್ನಡಿಯ ಹಾಗಿತ್ತು. ಇರುವೆ ಒಂದೂ ಇರಲಿಲ್ಲ.

"ನೋಡ್ರಲಾ!" ಹೊನ್ನಯ್ಯನ ಗಂಟಲು ಮತ್ತೆ ತೆರೆಯಿತು. "ನೋಡವ್ವ! ಬಾ ಇಲ್ಲಿ!"

ಮುಂದಿನ ಸಿನಿಮಾ ದಿನ ಬೀದಿಗೆ ಬೀದಿಯೇ ಹೊನ್ನಯ್ಯನ ಜಗಲಿಗೆ ಬಂತು. ದಿಮ್ಮಿಗಳ ಮೇಲೆ ಜಾಗ ಸಾಲದೆ ಜನ ನೆಲದ ಮೇಲೂ ಕುಳಿತರು. ವನಜಮ್ಮ ಕಡಲೆಕಾಯಿ ಹುರಿದು ಮೊರದಲ್ಲಿ ಇಟ್ಟಳು. ಹೊಂಬಾಳಮ್ಮ ದಿಮ್ಮಿಯ ಮೇಲೆ ಕೂರಲಿಲ್ಲ, ಬಾಗಿಲ ಬಳಿ ಚಾಪೆ ಹಾಸಿಕೊಂಡಳು. ಪರದೆಯ ಮೇಲೆ ಕೋಟು ಹಾಕಿದ ಒಬ್ಬ ಮನುಷ್ಯ ಹಿಂದಿಯಲ್ಲಿ ಮಾತಾಡುತ್ತಿದ್ದ. ಹತ್ತು ನಿಮಿಷ ಮಾತಾಡಿದ. ಇಪ್ಪತ್ತು ನಿಮಿಷ ಮಾತಾಡಿದ.

"ಯಾವಾಗಣ್ಣ ಸಿನಿಮಾ?"

"ಬತ್ತದೆ ಕೂತ್ಕೊಳ್ಳಲಾ. ಚೌಡ, ಏನ್ಲಾ ಅಂತಾವ್ನೆ ಅವ್ನು?"

ಚೌಡಪ್ಪ ಕಿವಿಗೆ ಕೈ ಕೊಟ್ಟು ಕೇಳಿದ. "ಗೋಧಿ ಬಗ್ಗೆ ಹೇಳ್ತಾವ್ನೆ ಅಪ್ಪ."

"ನಾವು ರಾಗಿ ಬೆಳೆಯೋರು ಅಂತ ಹೇಳು," ಅಂದ ಯಲ್ಲಯ್ಯ ಹಿಂದಿನಿಂದ. ಜನ ನಕ್ಕರು.

"ಬೇರೆ ಕಡೆ ತಿರುಗ್ಸಲಾ!"

"ಬೇರೆ ಇಲ್ಲ ಅಪ್ಪ. ಇದರಲ್ಲಿ ಬರೋದು ದೆಲ್ಲಿ ಒಂದೇ. ನಿನ್ನೆ ಅಡವಿಯಪ್ಪನ್ನ ಕೇಳ್ಕಂಡು ಬಂದೆ. ಕನ್ನಡ ಬೇಕಾದ್ರೆ ಆಂಟೆನಾ ಹಾಕಿ ಬೆಂಗಳೂರ ಕಡೆ ತಿರುಗಿಸ್ಬೇಕಂತೆ."

ಅದೇ ಹೊತ್ತಿಗೆ ಗೋಡೆಯಾಚೆಯಿಂದ ಹಾಡೊಂದು ಕೇಳಿತು. ಕನ್ನಡದ ಹಾಡು, ಒಂದು ಚೂರೂ ಕೊರಕೊರ ಇಲ್ಲದ್ದು. ಪುಟ್ಟಗಂಗಮ್ಮ ಪೈಪು ತಿರುಗಿಸುತ್ತಿರಲಿಲ್ಲ, ಗೋಡೆಯ ಹತ್ತಿರ ನಿಂತು ಕೂಗುತ್ತಿದ್ದಳು: "ಏನ್ ಕ್ಲಿಯರ್ ಬತ್ತಾ ಅದೆ ಗೊತ್ತಾ! ಹದಿನೈದು ದಿನದಿಂದ ಒಂದು ಇರುವೆ ಇಲ್ಲ ಕಣ್ರಮ್ಮ! ಗರಿ ಬಡಿಯೋದು ನಿಂತ ಮೇಲೆ ಅಳ್ಳಾಡಿಲ್ಲ!"

ಮೊದಲು ಎದ್ದವನು ಯಲ್ಲಯ್ಯ. ಅವನು ಸೊಂಟ ನೋವು ಅಂದ. ಇನ್ನೊಬ್ಬ ಎಮ್ಮೆ ಕರೆಯಬೇಕು ಅಂದ. ಮೂರನೆಯವನಿಂದ ಮುಂದೆ ಯಾರೂ ನೆಪ ಹೇಳುವ ಗೋಜಿಗೂ ಹೋಗಲಿಲ್ಲ. ಕಡಲೆಕಾಯಿ ಮೊರವೂ ಅವರ ಜೊತೆ ಹೋಯಿತು. ನಾಲ್ಕು ದಿಮ್ಮಿ, ಕೋಟಿನ ಮನುಷ್ಯ, ಹೊನ್ನಯ್ಯನ ಮನೆಯವರು ಉಳಿದರು. ಚಿಕ್ಕಮಾರಯ್ಯ ಗೋಡೆಯ ಮೇಲೆ ಗಲ್ಲ ಇಟ್ಟು, "ನಾನು ಕಾಲು ಹಿಡ್ಕಂಡು ಬೇಡಿದ್ರೂ ಆ ಮರ ಕಡಿಸ್ತಿರ್ಲಿಲ್ಲ ಕಣಣ್ಣ ನೀನು. ದೊಡ್ಡ ಮನಸ್ಸು ಮಾಡ್ದೆ," ಅಂದ.

ಹೊನ್ನಯ್ಯ ಬಾಯಿ ತೆರೆಯುವ ಮೊದಲೇ ಹೊಂಬಾಳಮ್ಮ ಎದ್ದಳು. ಚಾಪೆ ಸುತ್ತಿ ಕಂಕುಳಲ್ಲಿ ಇರುಕಿಕೊಂಡಳು. ಕುಟ್ಟುವ ಕಲ್ಲನ್ನು ಎಲೆಅಡಿಕೆ ಚೀಲಕ್ಕೆ ಹಾಕಿದಳು. ಮೂಲೆಯಲ್ಲಿ ನೀರು ಚಿಮುಕಿಸಿಕೊಂಡು ಇಟ್ಟಿದ್ದ ಮೊಳಕೆ ಕಾಯಿಯ ಗೋಣಿಚೀಲ ಎತ್ತಿಕೊಂಡಳು.

"ಎಲ್ಲಿಗವ್ವ? ಸಿನಿಮಾಕ್ಕಾ?"

"ನೋಡ್ದೆ ಕಣೋ ನಿನ್ನ ಡಿಶ್ಶ. ಚೆನ್ನಾಗದೆ," ಅಂದಳು. ವನಜಮ್ಮನ ಕಡೆ ತಿರುಗಿ, "ಸಂಡಿಗೆ ಕಾಲ ಮುಗೀತಾ ಅದೆ ಕಣಮ್ಮಿ, ನಾಳೆ ಇಟ್ಬುಡು," ಅಂದು ಮೆಟ್ಟಿಲಿಳಿದಳು.

ಸಿನಿಮಾ ಮುಗಿದ ಮೇಲೆ ಬರುತ್ತಾಳೆಂದು ವನಜಮ್ಮ ಮುದ್ದೆಯ ಮೇಲೆ ತಟ್ಟೆ ಮುಚ್ಚಿಟ್ಟಳು. ಸಿನಿಮಾ ಮುಗಿಯಿತು, ಜನ ಮನೆಮನೆಗೆ ಹೋದರು, ಮುದ್ದೆ ಕಲ್ಲಾಯಿತು.

ಬೆಳಿಗ್ಗೆ ಹೊನ್ನಯ್ಯ ಗೋಡೆಯ ಬಳಿ ಹೋದ. ಆಚೆ ಹಿತ್ತಲಲ್ಲಿ ಅವನ ಅವ್ವ ಮೊಳಕಾಲೂರಿ, ಗುಂಡಿಗೆ ಬೂದಿ, ಉಪ್ಪು ಹಾಕಿ ತೆಂಗಿನ ಸಸಿ ನೆಡುತ್ತಿದ್ದಳು. ಪುಟ್ಟಗಂಗಮ್ಮ ಕೊಡದಲ್ಲಿ ನೀರು ತಂದು ಕೊಡುತ್ತಿದ್ದಳು.

"ಅವ್ವಾ, ಮನೆಗೆ ಬಾ."

"ನನ್ನ ಮರ ಇರೋ ಕಡೆ ನನ್ನ ಊಟ. ಪಾಲುಪಟ್ಟೀಲಿ ಬರ್ದದೆ. ನೀನೂ ಸಯಿನು ಹಾಕಿದೀಯ."

"ಅದು ಫಲ ಬಿಡಕ್ಕೆ ಎಂಟು ವರ್ಷ ಬೇಕು ಕಣವ್ವ!" ಹೊನ್ನಯ್ಯ ಬೀದಿಯೆಲ್ಲ ಕೇಳುವ ಹಾಗೆ ಕೂಗಿದ. "ಎಂಟು ವರ್ಷ! ಅಲ್ಲಿಗಂಟ ನಿನ್ನ ಎಲೆಅಡಿಕೆಗೆ ಯಾರು ಕೊಡ್ತಾರೆ?"

"ನಿನ್ನ ಜಗಲಿ ಮುಂದೆ ನನ್ನವು ನಾಕು ದಿಮ್ಮಿ ಅವೆ. ಅವನ್ನ ಮಾರ್ಕೊಂಡ್ರಾಯ್ತು. ಇವತ್ತೇ ಕಳಿಸ್ಕೊಡು."

ದಿಮ್ಮಿಗಳು ಮಧ್ಯಾಹ್ನ ಹೋದವು. ಉರುಳಿಸಿಕೊಂಡು ಹೋಗಿ ಕೊಟ್ಟವನು ಹೊನ್ನಯ್ಯನೇ. ವನಜಮ್ಮ ಮಾಳಿಗೆ ಹತ್ತಿ, ಬೇರೆ ಜಾಗ ಕಾಣದೆ, ಡಿಶ್ಶಿನ ಜಾಲರಿಯ ಮೇಲೆ ಬಟ್ಟೆ ಹಾಸಿ ಸಂಡಿಗೆ ಇಟ್ಟಳು. ಭಾರಕ್ಕೆ ಅದು ತಿಪಟೂರಿನ ಕಡೆ ವಾಲಿಕೊಂಡು ದೆಲ್ಲಿಯೂ ನಿಂತು ಹೋಯಿತು. ನಾಲ್ಕು ದಿನ ಮನೆಯಲ್ಲಿ ಯಾರಿಗೂ ಅದು ಗೊತ್ತಾಗಲಿಲ್ಲ. ಸಂಡಿಗೆ ಮಾತ್ರ ಗರಿಗರಿಯಾಗಿ ಒಣಗಿತ್ತು. ಒಂದು ಡಬ್ಬಿ ತುಂಬಿಸಿ ಹೊನ್ನಯ್ಯ ಗೋಡೆಯ ಮೇಲಿಂದ ಅವ್ವನಿಗೆ ಕೊಡಲು ಹೋದ. ಅವಳು ಡಬ್ಬಿ ತೆಗೆದುಕೊಂಡು, ಸಸಿಗೆ ಮುಳ್ಳಿನ ಬೇಲಿ ಕಟ್ಟುವುದಕ್ಕೆ ಕುಳಿತಳು.

"ಅವ್ವಾ, ನಿಂಗೆ ಎಪ್ಪತ್ತೆರಡು."

"ಆದ್ರೇನೀಗ? ನಂಗೇನ್ ಅರ್ಜೆಂಟು?"

ಆಮೇಲೆ ಅವಳು ಹೊನ್ನಯ್ಯನ ಮನೆಯ ಮೆಟ್ಟಿಲು ತುಳಿಯಲಿಲ್ಲ.